ಮೊಟ್ಟೆಗೆ ಹಿಡಿದ ನೆರಳು

ಅಂದು ಬೆಳಿಗ್ಗೆ ಭೀಮೆಯ ಮೇಲೆ ಗಾಳಿಯ ಸುಳಿವೇ ಇರಲಿಲ್ಲ. ಮಾರ್ಚಿನ ಬಿಸಿಲು ಎಂಟಕ್ಕೇ ಚುರುಗುಟ್ಟುತ್ತಿತ್ತು. ಒಂಬತ್ತೂವರೆಗೆ ಹಕ್ಕಿ ಸಂಶೋಧಕಿ ನಿಶಾತ, ಅಫಜಲಪುರದ ಠಾಣೆಗೆ ಬಂದು ಪಿಎಸ್‌ಐ ಪ್ರಮಿಲಾಳಿಗೆ ದೂರು ಕೊಟ್ಟಳು. ನಡುಗಡ್ಡೆಯಲ್ಲಿ ಕಾವು ಕೂತ ನದಿ ರೀವ ಹಕ್ಕಿಯ ಬೆನ್ನಿಗೆ ತಾನು ಕಟ್ಟಿದ್ದ ಪುಟ್ಟ ಯಂತ್ರವನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು.

"ಕಡಲಿನ್ಯಾಗ ಹಕ್ಕಿ, ಡಾಲ್ಫಿನ್ ಎಲ್ಲಿ ಹೋಗ್ತಾವ ನೋಡಿ ಅಲ್ಲೇ ಸಂರಕ್ಷಣೆ ಗೆರಿ ಎಳೀತಾರ್ರಿ. ನಾ ಇಲ್ಲಿ ಈ ಹಕ್ಕಿ ಬೆನ್ನ ಹತ್ತೀನಿ. ಅದು ತಿರುಗಿದ ದಾರಿಯೆಲ್ಲಾ ಆ ಯಂತ್ರದಾಗ ಅದ. ಅದನ್ನ ತೋರ್ಸಿದ್ರ ನಡುಗಡ್ಡಿ ಉಳೀತದ. ಸಿಗಲಿಲ್ಲಂದ್ರ ಸೋಮವಾರ ನಡುಗಡ್ಡಿ ಉಸುಕಿನ ಲಿಲಾವಿಗೆ ಹೋಗ್ತದ."

"ಹಕ್ಕಿ ಹೇಳಿಕಿ ಯಾರು ಬರ್ಕೋಬೇಕ್ರಿ ಮೇಡಂ?" ಎಂದ ಹೆಡ್ ಕಾನ್‌ಸ್ಟೇಬಲ್ ದೌಲತರಾಯ. ಪ್ರಮಿಲಾ ನಗಲಿಲ್ಲ, ಎಫ್‌ಐಆರ್ ದಾಖಲಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಹೊಳೆಗೆ ಹೊರಟಳು. ಅವಳ ಅನುಮಾನ ಉಸುಕಿನ ಗುತ್ತಿಗೆದಾರರ ಮೇಲಿತ್ತು.

ದೋಣಿ ನಡೆಸಿದವನು ಮುದುಕ ಮೌಲಾಲಿ. ನಿಶಾತಳನ್ನು ದಿನಾ ದಾಟಿಸುತ್ತಿದ್ದವನೂ ಅವನೇ.

ಗೂಡೆಂದರೆ ಉಸುಕಿನಲ್ಲೊಂದು ತಗ್ಗು. ಮೂರೂ ಮೊಟ್ಟೆ ಕ್ಷೇಮವಾಗಿದ್ದವು. ಮೇಲೆ ನಾಲ್ಕು ಕಡ್ಡಿ ನೆಟ್ಟು, ನೀರಲ್ಲಿ ಅದ್ದಿದ, ಬಿಳಿ ಚುಕ್ಕಿಯ ನೇರಳೆ ಬಟ್ಟೆಯೊಂದನ್ನು ಹೊದಿಸಲಾಗಿತ್ತು. ಈಗ ಅದು ಒಣಗಿ ಬಿರುಸಾಗಿತ್ತು. ಇಂಥ ಬಿಸಿಲಲ್ಲಿ ಹಕ್ಕಿ ತುಸು ಹೊತ್ತು ಎದ್ದರೂ ಮೊಟ್ಟೆ ಬೇಯುತ್ತವೆ ಎಂದು ನಿಶಾತ ಹೇಳಿದಳು. ಕದ್ದವನು ಅದನ್ನು ಬಲ್ಲವನು. ಪಂಚನಾಮೆ ಬರೆಸಿ, ಬಟ್ಟೆ ಜಪ್ತಿ ಮಾಡಿ ತಿರುಗಿದ ಪ್ರಮಿಲಾಳಿಗೆ ದೋಣಿಯ ಹುಟ್ಟಿನ ಹಿಡಿ ಕಂಡಿತು. ಅದಕ್ಕೆ ಸುತ್ತಿದ್ದೂ ಅದೇ ನೇರಳೆ ಬಣ್ಣ, ಅದೇ ಬಿಳಿ ಚುಕ್ಕಿ.

"ಚಾಚಾ, ಈ ಬಟ್ಟಿ ಯಾರ್ದು?"

"ಪ್ಯಾರಿಬಿ ಸೀರಿರಿ. ನನ್ನ ಮನಿಯಾಕಿ. ಹ್ವಾದ ವರ್ಷ ತೀರ್ಕೊಂಡ್ಳು."

"ಹಕ್ಕಿ ಹಿಡದವರು ನೀವೇನು?"

ಮೌಲಾಲಿ ನೀರು ನೋಡಿದ. "ಹೌದ್ರಿ."

"ಯಾಕ?"

"ಅದನ್ನ ಕಟ್ಟಿದ ಮ್ಯಾಲೆ ಅದರ ಜೋಡಿ ಹಕ್ಕಿ ಬರೋದು ಬಿಟ್ಟದ್ರಿ. ಈ ನಿಶಾತ ಬಾಯಿಯವರ ಮುಂದ ಎರಡ ಸಲ ಹೇಳ್ದೆ, ನಕ್ಕರು. ಬಿಚ್ಚಿದ್ರ ಬರ್ತದ ಅಂದ್ಕೊಂಡೆ. ಒಂದೇ ಕುಂತಿರ್ತದ್ರಿ, ದಿನಾ. ಒಬ್ಬರೇ ಕುಂದ್ರೋದು ಹೆಂಗಿರ್ತದ ನನಗ ಗೊತ್ತದ."

ನಿಶಾತ ತಲೆ ತಗ್ಗಿಸಿದಳು. ಹಲಗೆಯ ಸಂದಿಯಿಂದ ಯಂತ್ರ ತೆಗೆದು ಅವನು ಪ್ರಮಿಲಾಳ ಅಂಗೈಗಿಟ್ಟ. ಆ ಯಂತ್ರ ನಡುಗಡ್ಡೆಯನ್ನೇ ಕಾಯುತ್ತಿತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹನ್ನೆರಡಕ್ಕೆ ದಸ್ತಗಿರಿಯಾಯಿತು. ಬೇರೆ ದೋಣಿಯವರಿಲ್ಲದ್ದರಿಂದ ಆರೋಪಿಯೇ ಪೊಲೀಸರನ್ನು ದಡ ಮುಟ್ಟಿಸಿದ. ಹಕ್ಕಿ ಏಳಬಾರದೆಂದು ನಡುಗಡ್ಡೆಯನ್ನು ದೂರದಿಂದ ಸುತ್ತು ಹಾಕಿದ. ಸಂಜೆ ಜಾಮೀನಾಯಿತು. ಯಂತ್ರದಲ್ಲಿದ್ದ ದಾರಿ ಅಧಿಕಾರಿಗಳ ಕೈ ಸೇರಿ ಸೋಮವಾರದ ಹರಾಜು ನಿಂತಿತು. ಜೋಡಿ ಹಕ್ಕಿ ಮಾತ್ರ ಬರಲಿಲ್ಲ. ಯಾಕೆಂದು ನಿಶಾತಳಿಗೂ ತಿಳಿಯಲಿಲ್ಲ. ಜೋಡಿ ಮಾಡಿ ಕಳಿಸುವ ದೇವರು ಒಬ್ಬೊಬ್ಬರನ್ನೇ ಕರೆಸಿಕೊಳ್ಳುತ್ತಾನೆ ಎಂದು ಹೊಳೆದಂಡೆಯ ಹಿರಿಯರು ಹೇಳುವುದುಂಟು.

ಮಳೆಗಾಲ ಮುಗಿದ ಮೇಲೆ ಕೋರ್ಟು ದಂಡ ಹಾಕಿ ಕೇಸು ಮುಗಿಸಿತು. ಜೇವರ್ಗಿಯಿಂದ ವರ್ಗವಾಗಿ ಬಂದ ಪ್ರಮಿಲಾ ಇನ್ನೂ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದಳು. ಕೇಸು ಮುಗಿದಂದು ದೌಲತರಾಯನನ್ನು ಕಳಿಸದೆ ತಾನೇ ಹೊಳೆಗೆ ಹೋದಳು. ಮೌಲಾಲಿ ದೋಣಿಯಲ್ಲಿ ಕೂತಿದ್ದ. ಠಾಣೆಯ ಸೀಲು ಒಡೆದು, ತೊಳೆದು ಮಡಚಿದ ನೇರಳೆ ಬಟ್ಟೆಯನ್ನು ಅವಳು ಅವನ ಎರಡೂ ಕೈಗೆ ಕೊಟ್ಟಳು.