ಮ್ಯಾಂಡರಿನ್ ಮೀನಿನ ಐತವಾರಗಳು

ಹೆಣ್ಣು ನೋಡಲು ಬಂದ ಹುಡುಗ ಹೆಣ್ಣನ್ನು ಬಿಟ್ಟು ಮೀನನ್ನು ನೋಡುತ್ತ ಕುಳಿತಿದ್ದ.

ಗಜೇಂದ್ರಗಡದ ಆ ಮನೆಯ ಪಡಸಾಲೆಯಲ್ಲಿ ದೇವಿಕಾ ಚಹಾದ ತಟ್ಟೆ ಹಿಡಿದು ಎದುರಿಗೆ ನಿಂತರೂ ದ್ಯಾಮೇಶನ ಕಣ್ಣು ಮೂಲೆಯ ಗಾಜಿನ ತೊಟ್ಟಿಯಿಂದ ಕದಲಲಿಲ್ಲ. ಅದು ಉಪ್ಪುನೀರಿನ ಅಕ್ವೇರಿಯಂ. ರೋಣದ ಹೈಸ್ಕೂಲಿನಲ್ಲಿ ಪಾಠ ಹೇಳುವ ದೇವಿಕಾ ಜೀವದಂತೆ ಕಾಪಾಡಿಕೊಂಡು ಬಂದದ್ದು. ಈಚೆಗೆ ಹುಬ್ಬಳ್ಳಿಯಿಂದ ತಂದ ಮ್ಯಾಂಡರಿನ್ ಮೀನು ಅದರೊಳಗೆ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುತ್ತಿತ್ತು. ಹೆಬ್ಬೆರಳಿನಷ್ಟು ಉದ್ದ, ನೀಲಿ ಮೈಮೇಲೆ ಯಾರೋ ಕೂತು ಕೇಸರಿ ದಾರದಲ್ಲಿ ಕಸೂತಿ ಹಾಕಿದಂತೆ.

"ಹುಡಿಗಿಗೆ ಏನರ ಕೇಳೋದಿದ್ರ ಕೇಳಪಾ," ಎಂದರು ಅವನ ಹಿರಿಯರು.

ದ್ಯಾಮೇಶ ಗಂಟಲು ಸರಿಮಾಡಿಕೊಂಡ. "ಇದು ಏನ್ ತಿಂತೈತ್ರಿ?"

ದೇವಿಕಾಳ ಮುಖ ಕೆಂಪಾಯಿತು. ಮಂದಿ ಹೋದ ಮೇಲೆ ತಾಯಿ ಚನ್ನವ್ವನ ಮುಂದೆ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ನನ್ನ ಮಾರಿ ಸುದ್ದಾ ನೋಡಲಿಲ್ಲ ಅಂವ. ನನಗ ಬ್ಯಾಡಬೇ."

ಆದರೆ ಅವನ ಪ್ರಶ್ನೆ ಚುಚ್ಚುತ್ತಲೇ ಇತ್ತು. ಖರೇ ಹೇಳಬೇಕೆಂದರೆ ಮೀನು ಏನನ್ನೂ ತಿನ್ನುತ್ತಿರಲಿಲ್ಲ. ಅಂಗಡಿಯ ಕಾಳು ಹಾಕಿದರೆ ಒಮ್ಮೆ ನೋಡಿ, ದೊಡ್ಡಸ್ತಿಕೆಯಿಂದ ಮುಂದೆ ಹೋಗುತ್ತಿತ್ತು.

ಮುಂದಿನ ಐತವಾರ ಬಾಗಿಲಿಗೆ ಬೈಕು ಬಂದು ನಿಂತಿತು. ದ್ಯಾಮೇಶ ಒಬ್ಬನೇ, ಕೈಯಲ್ಲಿ ತಿಳಿಹಸಿರು ನೀರಿನ ಬಾಟಲಿ.

"ಸಂಬಂಧದ ಮಾತಿಗೆ ಬಂದಿಲ್ರಿ. ನೀವು ಬ್ಯಾಡಂದದ್ದು ಗೊತ್ತಾಗೈತಿ. ಆ ಮೀನಿನ ಹೊಟ್ಟಿ ಬೆನ್ನಿಗೆ ಹತ್ತಿತ್ತು. ಮನಸ್ಸ ತಡೀಲಿಲ್ಲ."

ನರಗುಂದದಲ್ಲಿ ಔಷಧದ ಅಂಗಡಿ ಇಟ್ಟಿದ್ದ ಅವನ ಮನೆಯಲ್ಲೂ ಇಂಥದೇ ತೊಟ್ಟಿ ಇತ್ತಂತೆ. ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ರವೆಗಿಂತ ಸಣ್ಣ ಹುಳುಗಳು ನೀರಿನಲ್ಲಿ ಮಿಡುಕುತ್ತಿದ್ದವು.

"ಇದಕ್ಕ ಜೀವಂತ ಹುಳಾನ ಬೇಕ್ರಿ. ಭಾಳ ನಖರಾ."

"ಯಾರಿಗಂತೀರಿ?" ದೇವಿಕಾ ಹುಬ್ಬೇರಿಸಿದಳು.

"ಮೀನಿಗ್ರಿ!" ಅವನು ಗಾಬರಿಯಾದ. ಅವಳಿಗೆ ನಗು ಬಂತು.

ಪಂಪು ನಿಲ್ಲಿಸಿ, ಸಿರಿಂಜಿನಿಂದ ಹುಳುಗಳನ್ನು ಕಲ್ಲಿನ ಬುಡಕ್ಕೆ ಬಿಟ್ಟ. ಇಬ್ಬರೂ ಗಾಜಿನ ಮುಂದೆ ಮಂಡಿಯೂರಿ ಕೂತರು. ಮೀನು ನಿಂತಿತು. ಕಣ್ಣು ತಿರುಗಿಸಿತು. ಪುಟ್ಟ ಬಾಯಿ ಮುಂದೆ ಚಾಚಿ ಒಂದನ್ನು ಹೆಕ್ಕಿತು, ಮತ್ತೊಂದನ್ನು.

"ತಿಂತ್ರೀ!" ದೇವಿಕಾ ಅವನ ಮುಂಗೈ ಹಿಡಿದುಬಿಟ್ಟಿದ್ದಳು. ಅದು ಅರಿವಿಗೆ ಬಂದದ್ದು ಸ್ವಲ್ಪ ತಡವಾಗಿ. ಬಿಟ್ಟದ್ದು ಇನ್ನೂ ತಡವಾಗಿ.

ಆಮೇಲೆ ಪ್ರತಿ ಐತವಾರ ಬಂದ. ಭರಣಿಯಲ್ಲಿ ಹುಳು ಬೆಳೆಸುವುದನ್ನು ಕಲಿಸಿದ. ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತ ಭರಣಿಗಳನ್ನು ನೋಡಿ ಚನ್ನವ್ವ, "ನನ್ನ ಉಪ್ಪಿನಕಾಯಿ ದೂರ ಇಡ್ರೆವಾ," ಎಂದು ಗೊಣಗಿದರೂ ಅವನು ಬರುವ ದಿನ ಮರೆಯದೆ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಳು. ಮೀನಿನ ಹೊಟ್ಟೆ ದುಂಡಗಾಯಿತು. ದೇವಿಕಾ ಐತವಾರ ಬೇಗ ತಲೆ ಬಾಚಿಕೊಳ್ಳತೊಡಗಿದಳು.

"ಅವತ್ತ ನನ್ನ ಯಾಕ ನೋಡಲಿಲ್ರಿ?" ಎಂದು ಒಮ್ಮೆ ಕೇಳಿಯೇ ಬಿಟ್ಟಳು.

"ಒಂದ ಸಲ ನೋಡಿದ್ದೆ. ಮತ್ತ ನೋಡಾಕ ಧೈರ್ಯ ಆಗಲಿಲ್ಲ," ಎಂದ ಅವನು, ತೊಟ್ಟಿಯ ಗಾಜು ಒರೆಸುತ್ತ.

ಅವಳೂ ಇನ್ನೊಂದು ಬಟ್ಟೆ ತಂದು ಪಕ್ಕದ ಗಾಜು ಒರೆಸತೊಡಗಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ದ್ಯಾಮೇಶ ಹೊರಡುವಾಗ ಹೆಲ್ಮೆಟ್ ಹಿಡಿದು ಬಾಗಿಲಲ್ಲೇ ನಿಂತ. "ಇನ್ನ ನಾ ಬರಾಂಗಿಲ್ರಿ. ನಿಮಗ ಎಲ್ಲಾ ಬರ್ತೈತಿ. ಬರೋ ಐತವಾರ ಸವಡಿಗೆ ಹೆಣ್ಣ ನೋಡಾಕ ಹೊಂಟೀವಿ. ಅವ್ವ ಮಾತ ಕೊಟ್ಟಾಳ."

"ಚಲೋ ಆತು," ಎಂದಳು ದೇವಿಕಾ. ಅವನು ಮೆಟ್ಟಿಲಿಳಿದ. ಬೈಕಿನ ಕೀಲಿ ತಿರುಗಿದ ಸದ್ದು ಕೇಳಿ ಅವಳು ಬರಿಗಾಲಲ್ಲೇ ಓಡಿಬಂದಳು.

"ಸವಡಿಗೆ ಹೋಗಬ್ಯಾಡ್ರಿ."

"ಯಾಕ್ರಿ? ಹುಳಾ ಸತ್ತಾವೇನು?"

"ಹುಳಾ ಚಲೋ ಅದಾವ್ರಿ. ನಾನ ಚಲೋ ಇಲ್ಲ." ಅವಳು ಬೈಕಿನ ಹ್ಯಾಂಡಲ್ ಹಿಡಿದಳು. "ವಾರಾ ವಾರಾ ಸೋಮವಾರದಿಂದನ ನಿಮ್ಮ ದಾರಿ ಕಾಯಾಕ ಹತ್ತೀನಿ. ಬ್ಯಾಡಂದಾಕಿ ನಾನ. ಈಗ ಬೇಕನ್ನಾಕಿನೂ ನಾನ."

ದ್ಯಾಮೇಶ ಬೈಕು ಬಂದ್ ಮಾಡಿ ಫೋನ್ ತೆಗೆದ. "ಯವ್ವಾ, ಸವಡಿಯವರಿಗೆ ಬರಾಂಗಿಲ್ಲ ಅಂತ ಹೇಳಿಬಿಡು... ಹೌದು, ಗಜೇಂದ್ರಗಡದಾಗ ಅದೀನಿ... ಹ್ಞೂಂ, ಆಕಿನ."

ಆ ಕಡೆಯ ದನಿ ಬೀದಿಗೆಲ್ಲ ಕೇಳುವಷ್ಟು ಜೋರಾಯಿತು: "ಆ ಹುಡಿಗಿ ಕೈಯಾಗ ಫೋನ್ ಕೊಡು!"

ದೇವಿಕಾ ಫೋನ್ ತೆಗೆದುಕೊಂಡಳು. ನಮಸ್ಕಾರ್ರೀ ಎನ್ನಬೇಕೆಂದುಕೊಂಡಿದ್ದಳು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಅತ್ತೀ..."