ಎಲಿಮ್ ಚರ್ಚಿನ ಮಣ್ಣಿನ ಜಾಡಿ

2019ರ ಅಕ್ಟೋಬರ್ 9, ಬುಧವಾರ. ಬೆಳಿಗ್ಗೆ 8.40ಕ್ಕೆ ಎಲಿಮ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಡಾರ್ನೆಲ್ ಮಿಕ್ಸನ್ ಕೋಲ್ಟನ್ ಕೌಂಟಿಯ ಪೊಲೀಸ್ ಠಾಣೆಗೆ ಬಂದು, ತಮ್ಮ ಚರ್ಚಿನಿಂದ ಮಣ್ಣು ಕಳವಾಗಿದೆ ಎಂದು ದೂರು ಹೇಳಿದರು.

ಕಾನ್‌ಸ್ಟೇಬಲ್ ಮೇವಿಸ್ ಟಿಲ್ಮನ್ ಪೆನ್ನು ಕೆಳಗಿಟ್ಟಳು.

"ಮಣ್ಣಾ?"

"ಮಣ್ಣೇ ಕಣಮ್ಮ."

"ಅಲಬಾಮದಲ್ಲಿ ಮಣ್ಣಿಗೇನು ಬರ ಪಾಸ್ಟರ್? ನನ್ನ ಬೂಟಲ್ಲೇ ಅರ್ಧ ಸೇರಿದೆ, ಬೇಕಾದ್ರೆ ಕೊಡವಿಕೊಂಡು ಹೋಗಿ."

ಪಾಸ್ಟರ್ ನಗಲಿಲ್ಲ. ಒಳಗಿನ ಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಥೇಡಿಯಸ್ ಪ್ರೂಯಿಟ್ ಈ ಮಾತು ಕೇಳಿ ಹೊರಗೆ ಬಂದ. ಅವನೂ ಕರಿಯರ ಅದೇ ಚರ್ಚಿನವನು. ಮಾರ್ಚ್ ತಿಂಗಳಲ್ಲಿ ಹೆಂಡತಿ ವರ್ಲೀನ್ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಹೋಗುತ್ತಿದ್ದನಾದರೂ ಆಕೆ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಕೂರಲಾರದೆ ಬಾಗಿಲ ಬಳಿಯೇ ನಿಂತು ಪ್ರಾರ್ಥನೆ ಮುಗಿಸಿ ಬರುತ್ತಿದ್ದ. ಯಾವ ಮಣ್ಣು ಎಂದು ಅವನು ಕೇಳಬೇಕಾಗಿರಲಿಲ್ಲ.

ಹೋಸಿಯಾ ಗಿಲ್ಯಾರ್ಡ್ ಎಂಬ ಇಪ್ಪತ್ತಮೂರು ವರ್ಷದ ಕರಿಯ ಯುವಕ ಯುದ್ಧ ಮುಗಿಸಿ ಊರಿಗೆ ಬಂದಿದ್ದ. 1947ರ ಆಗಸ್ಟ್ 9ರಂದು ಸೈನಿಕನ ಉಡುಪಿನಲ್ಲೇ ನ್ಯಾಯಾಲಯದ ಮೆಟ್ಟಿಲು ಹತ್ತಿ, ಕರಿಯರನ್ನು ಸೇರಿಸದ ಮತದಾರರ ಪಟ್ಟಿಯಲ್ಲಿ ತನ್ನ ಹೆಸರು ಬರೆದುಕೊಳ್ಳಿ ಎಂದು ಕೇಳಿದ. ಸಂಜೆ ಮನೆಗೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ನ್ಯಾಯಾಲಯದ ಗುಡ್ಡದ ಮೇಲಿನ ದೊಡ್ಡ ಓಕ್ ಮರಕ್ಕೆ ಬಿಳಿಯರ ಗುಂಪು ಹಿಂದೆ ಇಬ್ಬರು ಕರಿಯರನ್ನು ನೇಣು ಹಾಕಿದ್ದುದರಿಂದ, ಹೋಸಿಯಾನ ಗತಿಯೂ ಅಲ್ಲೇ ಆಯಿತೆಂದು ಊರು ನಂಬಿತು. ಹೀಗೆ ಕೊಲ್ಲಲ್ಪಟ್ಟವರು ಸತ್ತ ಜಾಗದ ಮಣ್ಣನ್ನು ಗಾಜಿನ ಜಾಡಿಯಲ್ಲಿ ತುಂಬಿ, ಹೆಸರು ಬರೆದು, ಸ್ಮಾರಕದಲ್ಲಿ ಇಡುವ ಕೆಲಸ ಈಗ ನಡೆದಿತ್ತು. ಎರಡು ವಾರದ ಹಿಂದೆ ಚರ್ಚಿನವರು ಆ ಮರದ ಬುಡವನ್ನು ಅಗೆದು ಜಾಡಿ ತುಂಬಿದ್ದರು. ಬರುವ ಭಾನುವಾರ ಹೋಸಿಯಾನ ತಂಗಿ, ಎಂಬತ್ತೊಂಬತ್ತು ವರ್ಷದ ಕ್ಲಿಯೋಲಾ ಗಿಲ್ಯಾರ್ಡ್, ಅದನ್ನು ತನ್ನ ಕೈಯಾರೆ ಸ್ಮಾರಕಕ್ಕೆ ಒಪ್ಪಿಸುವವಳಿದ್ದಳು. ಅಣ್ಣನ ಸಮಾಧಿಯೆಂದು ಹೇಳಿಕೊಳ್ಳಲು ಆಕೆಗೆ ಇದ್ದುದು ಆ ಜಾಡಿ ಒಂದೇ.

"ಮಣ್ಣು ಇಟ್ಟಿಗೆ ಹಾಗೆ ಕೆಂಪಗಿತ್ತು," ಎಂದರು ಪಾಸ್ಟರ್. "ಬೆಳಿಗ್ಗೆ ನೋಡ್ತೀನಿ, ಜಾಡಿ ಅದೇ, ಚೀಟಿ ಅದೇ, ಒಳಗೆ ಕಪ್ಪು ಮಣ್ಣು. ಯಾವನೋ ಬಿಳಿಯನ ಕಿಡಿಗೇಡಿತನ ಇದು." ಎದುರಿಗಿದ್ದ ಟಿಲ್ಮನ್‌ಳ ಮುಖ ನೋಡಿ ತಡೆದರು. "ಬೇಜಾರು ಮಾಡ್ಕೋಬೇಡ ಮಗಳೇ."

"ನಾನೂ ಅದನ್ನೇ ಅಂದ್ಕೊಂಡೆ ಪಾಸ್ಟರ್," ಎಂದಳು ಬಿಳಿಯರ ಹುಡುಗಿ ಟಿಲ್ಮನ್. ಬೂಟಿನ ಮಾತಾಡಿದ್ದಕ್ಕೆ ಅವಳ ಕಿವಿ ಕೆಂಪಾಗಿತ್ತು.

"ಮಿಸ್ ಕ್ಲಿಯೋಲಾಗೆ ಹೇಳಿದ್ರಾ?" ಎಂದು ಪ್ರೂಯಿಟ್ ಕೇಳಿದ.

"ಇಲ್ಲ. ನೀನು ಹೇಳ್ತೀಯಾ?"

ಪ್ರೂಯಿಟ್ ದೂರಿನ ಹಾಳೆಯನ್ನು ಟಿಲ್ಮನ್‌ಳ ಮುಂದೆ ಸರಿಸಿದ. 9.05ಕ್ಕೆ ಎಫ್‌ಐಆರ್ ದಾಖಲಾಯಿತು.

9.40ಕ್ಕೆ ಚರ್ಚಿನಲ್ಲಿ ಪಂಚನಾಮೆ ನಡೆಯಿತು. ಗಾಜಿನ ಕಪಾಟಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಕಚೇರಿಯ ಬಾಗಿಲ ಹಿಂದಿನ ಮೊಳೆಯಲ್ಲಿ ಎಂದಿನಂತೆ ತೂಗುತ್ತಿತ್ತು. ಅದು ಅಲ್ಲಿರುವುದು ಇಡೀ ಸಭೆಗೆ ಗೊತ್ತು. ನೆಲದ ಮೇಲೆ ಒಂದು ಚಿಟಿಕೆ ಮಣ್ಣೂ ಚೆಲ್ಲಿರಲಿಲ್ಲ. ಪಂಚರಾಗಿ ಪಾಸ್ಟರೂ ಸಭೆಯ ಹಿರಿಯ ಸೇವಕರಾದ ಡೀಕನ್ ಎಜ್ರಾ ಬಾಯ್ಕಿನ್ನರೂ ಸಹಿ ಹಾಕಿದರು. ಎಂಬತ್ತೊಂದು ವರ್ಷದ ಬಾಯ್ಕಿನ್ ಎಡಗಾಲು ಎಳೆಯುತ್ತಲೇ ಆ ಚರ್ಚಿನ ಗಂಟೆ, ಕಸ, ದೀಪ ಎಲ್ಲವನ್ನೂ ನೋಡಿಕೊಳ್ಳುವವರು. ಪ್ರೂಯಿಟ್ ಬಾಲಕನಾಗಿದ್ದಾಗ ಅವನನ್ನು ಥ್ಯಾಡ್ ಎಂದು ಕರೆದು ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದವರು ಅವರೇ. ವರ್ಲೀನಳ ಅಂತ್ಯಕ್ರಿಯೆಯ ದಿನ ಗಂಟೆ ಬಾರಿಸಿದವರೂ ಅವರೇ.

"ನಿನ್ನೆ ಕಪಾಟು ತೆಗೆದಿದ್ರಾ ಡೀಕನ್?"

"ತೆಗೆದು ಧೂಳು ಒರೆಸ್ದೆ ಮಗಾ."

ಸಹಿ ಹಾಕುವಾಗ ಅವರು ಜಾಡಿಯತ್ತ ಒಮ್ಮೆಯೂ ನೋಡಲಿಲ್ಲ. ಬೇರೆ ಯಾರಾಗಿದ್ದರೂ ಪ್ರೂಯಿಟ್ ಇನ್ನೊಂದು ಪ್ರಶ್ನೆ ಕೇಳುತ್ತಿದ್ದ. ಇವರಿಗೆ ಕೇಳಲಿಲ್ಲ. ಮುಂದೆ ಎಷ್ಟೋ ದಿನ ಆ ಕೇಳದ ಪ್ರಶ್ನೆ ಅವನನ್ನು ಕಾಡಿತು.

11 ಗಂಟೆಗೆ ಅವನು ಟಿಲ್ಮನ್‌ಳ ಜೊತೆ ಓಕ್ ಮರದ ಬಳಿಗೆ ಹೋದ. ಚರ್ಚಿನವರು ಅಗೆದಿದ್ದ ಕುಳಿ ಮುಚ್ಚಿತ್ತು. ಕೆಂಪು ಮಣ್ಣನ್ನು ವಾಪಸ್ಸು ತುಂಬಿ, ಕೈಯಿಂದ ತಟ್ಟಿ, ಸುತ್ತಲಿನ ಎಲೆಯನ್ನೂ ಯಾರೋ ಗುಡಿಸಿದ್ದರು.

"ಕಿಡಿಗೇಡಿ ಆಗಿದ್ರೆ ಚರಂಡಿಗೆ ಸುರೀತಿದ್ದ," ಎಂದಳು ಟಿಲ್ಮನ್.

"ಹೌದು. ಇವನಿಗೆ ಈ ಮಣ್ಣಿನ ಮೇಲೆ ಭಕ್ತಿ ಇದೆ."

ಟಿಲ್ಮನ್ ರೈತರ ಮನೆಯವಳು. ಕಾರಿನ ಬಾನೆಟ್ಟಿನ ಮೇಲೆ ಕಾಗದ ಹಾಸಿ, ಜೊತೆಗೆ ತಂದಿದ್ದ ಜಾಡಿಯಿಂದ ಒಂದು ಹಿಡಿ ಕಪ್ಪು ಮಣ್ಣು ಸುರಿದು ಬೆರಳಿನಿಂದ ಹರಡಿದಳು. ಒಳಗೆ ಉಗುರಿನಷ್ಟು ಚಿಕ್ಕ ಬಿಳಿ ಚೂರುಗಳಿದ್ದವು.

"ಇದು ಹೊಲದ್ದಲ್ಲ ಸರ್. ನದಿ ಚಿಪ್ಪು. ಹಳೇ ದೋಣಿಕಟ್ಟೇಲಿ ಚಿಪ್ಪು ಬೇಯಿಸಿ ಸುಲೀತಿದ್ರಂತೆ, ನಮ್ಮಜ್ಜ ಹೇಳ್ತಿದ್ದ. ಈ ಕೌಂಟೀಲಿ ಇನ್ನೆಲ್ಲೂ ಇಂಥ ಮಣ್ಣಿಲ್ಲ."

ಹಳೆಯ ದೋಣಿಕಟ್ಟೆಯಲ್ಲಿ ಈಗ ಇರುವುದು ಮೀನುಗಾರರಿಗೆ ಎರೆಹುಳು ಮಾರುವ ಒಂದು ಅಂಗಡಿ ಮಾತ್ರ. ಅದರ ಒಡತಿ ಜೂನೆಲ್ ಕ್ರಾಫ್ಟ್ ಎಂಬ ಬಿಳಿಯ ಹೆಂಗಸು. 12.15ಕ್ಕೆ ಅವಳ ವಿಚಾರಣೆ ನಡೆಯಿತು.

"ಎರಡು ಮೂರು ದಿನದಲ್ಲಿ ಹೊಸಬರು ಯಾರಾದ್ರೂ ಬಂದಿದ್ರಾ?"

"ನಿನ್ನೆ ಬೆಳಿಗ್ಗೆ ಒಬ್ಬ ಮುದುಕಪ್ಪ ಬಂದಿದ್ದ. ಕರಿ ಸೂಟು, ಟೈ. ಮೀನು ಹಿಡಿಯಕ್ಕೆ ಯಾರಾದ್ರೂ ಮದುಮಗನ ಹಾಗೆ ಬರ್ತಾರಾ ಹೇಳಿ!"

"ಏನು ಮಾಡ್ದ?"

"ಆ ಸಿಕಮೋರ್ ಮರದ ಹತ್ರ ಟೋಪಿ ತೆಗೆದು ಮಂಡಿಯೂರಿದ. ಊಟದ ಚಮಚದಲ್ಲಿ ಅಗೆದ. ಯಾರದೋ ಬೂದಿ ಹಾಕಕ್ಕೆ ಬಂದಿರಬೇಕು ಅಂತ ನಾನು ರೇಡಿಯೋ ಆರಿಸ್ದೆ. ಏನೇ ಆಗ್ಲಿ, ಮರ್ಯಾದೆ ಅಲ್ವಾ?"

"ಗುರುತು?"

"ಎಡಗಾಲು ಎಳೀತಿದ್ದ, ಪಾಪ."

ಪ್ರೂಯಿಟ್ ಕಾರಿನತ್ತ ನಡೆದ.

"ಯಾರಂತ ಗೊತ್ತಾಯ್ತಾ ಸರ್?"

"ಗೊತ್ತಾಯ್ತು. ಮೊದಲು ಠಾಣೆಗೆ ಹೋಗೋಣ."

ಠಾಣೆಯ ನೆಲಮಾಳಿಗೆಯಲ್ಲಿ ಹಳೆಯ ದಿನಚರಿಗಳಿದ್ದವು. ಪ್ರೂಯಿಟ್ 1947ರ ಪುಸ್ತಕ ಹುಡುಕಿ ಧೂಳು ಕೊಡವಿದ. ಆಗಸ್ಟ್ 9ರ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಇತ್ತು: "ರಸ್ತೆಗೆ ಬಂದಿದ್ದ ಹಸುವನ್ನು ಒಡೆಯನಿಗೆ ಮುಟ್ಟಿಸಲಾಯಿತು. ಉಳಿದಂತೆ ಶಾಂತ." ಮಾರನೆಯ ದಿನವೂ ಶಾಂತ. ಆ ತಿಂಗಳು ಪೂರ್ತಿ ಶಾಂತ. ಹಾಗಾದರೆ ಹೋಸಿಯಾನ ಹೆಸರು ಈ ಠಾಣೆಯ ಕಾಗದದಲ್ಲಿ ಮೊದಲ ಬಾರಿಗೆ ಬಂದದ್ದು ಇವತ್ತು, ಮಣ್ಣಿನ ಕಳವಿನ ಎಫ್‌ಐಆರ್‌ನಲ್ಲಿ. ಪ್ರೂಯಿಟ್ ಇಪ್ಪತ್ತೇಳು ವರ್ಷದಿಂದ ಈ ನೆಲಮಾಳಿಗೆಯ ಮೇಲೆಯೇ ಕುರ್ಚಿ ಹಾಕಿಕೊಂಡು ಕೂತಿದ್ದ. ಚರ್ಚಿನಲ್ಲಿ ಹೋಸಿಯಾನ ಹೆಸರಿನಲ್ಲಿ ಪ್ರಾರ್ಥಿಸಿದ್ದ. ಆದರೆ ಒಂದು ದಿನವಾದರೂ ಕೆಳಗಿಳಿದು ಈ ಪುಟ ತೆರೆದಿರಲಿಲ್ಲ. ಪುಸ್ತಕ ಮುಚ್ಚುವಾಗ, ದೇವರೇ ಕ್ಷಮಿಸು ಎಂಬ ಮಾತು ಅವನ ಬಾಯಿಂದ ತಾನಾಗಿ ಬಂತು.

ಮಧ್ಯಾಹ್ನ 3.30. ಬಾಯ್ಕಿನ್ ಚರ್ಚಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ಭಾನುವಾರದ ಸಿಹಿತಿಂಡಿಗೆ ಪೆಕನ್ ಕಾಯಿ ಒಡೆಯುತ್ತಿದ್ದರು. ಪ್ರೂಯಿಟ್ ಅವರ ಎದುರು ನಿಂತ. ಟಿಲ್ಮನ್ ಪುಸ್ತಕ ತೆಗೆದಳು. ಬಾಯಿ ತೆರೆಯದೆ ಇರುವ ಹಕ್ಕು ನಿಮಗಿದೆ ಎಂದು ಪ್ರೂಯಿಟ್ ನಿಯಮದಂತೆ ತಿಳಿಸಿದ.

"ಆ ಹಕ್ಕು ಬಹಳ ದಿನ ಬಳಸ್ದೆ ಮಗಾ. ಕೇಳು."

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ?"

"ಹಳೇ ದೋಣಿಕಟ್ಟೇಲಿ."

"ಏನು ಕೆಲಸ?"

"ಮಣ್ಣು ತರೋದು."

"ಕೆಂಪು ಮಣ್ಣನ್ನ?"

"ಮರದ ಬುಡಕ್ಕೆ ಹಾಕ್ದೆ. ಅಲ್ಲಿ ಸತ್ತೋರು ಬೇರೆ ಇಬ್ರು. ಅವರದ್ದು ಅವರಿಗೇ ಇರ್ಲಿ. ಹೋಸಿಯಾ ಆ ಮರದಡೀಲಿ ಸಾಯ್ಲಿಲ್ಲ ಥ್ಯಾಡ್."

"ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿರ್ಲಿಲ್ಲ."

ಟಿಲ್ಮನ್‌ಳ ಪೆನ್ನು ನಿಂತಿತು. ಬಾಯ್ಕಿನ್ ಒಡೆದ ಕಾಯಿಯನ್ನು ಬಟ್ಟಲಿಗೆ ಹಾಕಿ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಹೇಳತೊಡಗಿದರು.

ಆಗ ಅವರಿಗೆ ಒಂಬತ್ತು ವರ್ಷ. ದಾರಿ ಕೂಡುವಲ್ಲಿದ್ದ ಬಾವಿಯಿಂದ ನೀರು ಸೇದುತ್ತಿದ್ದರು. ಎರಡು ಕಾರು ಬಂದು ನಿಂತವು. ಒಳಗೆ ಐದು ಜನ ಬಿಳಿಯರು. ಆ ಸೈನಿಕ ಯಾವ ದಾರಿ ಹಿಡಿದ ಎಂದು ಒಬ್ಬ ಕೇಳಿದ.

"ಹೊಡೆದ್ರಾ?"

"ಇಲ್ಲ."

"ಹೆದರಿಸಿದ್ರಾ?"

"ಇಲ್ಲ. ಚೆನ್ನಾಗೇ ಕೇಳಿದ್ರು. ನಾನು ಬೆರಳೆತ್ತಿ ನದಿ ದಾರಿ ತೋರಿಸ್ದೆ. ಒಬ್ಬ ಕಿತ್ತಳೆ ಸೋಡಾ ಬಾಟ್ಲಿ ಕೊಟ್ಟ. ತಣ್ಣಗಿತ್ತು." ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಪೂರ್ತಿ ಕುಡಿದೆ ಥ್ಯಾಡ್. ಅದನ್ನೂ ಬರ್ಕೋ ಅನ್ನು ಆ ಹುಡುಗೀಗೆ."

ಖಾಲಿ ಬಾಟ್ಲಿ ವಾಪಸ್ಸು ಕೊಡಬೇಕೇನೋ ಎಂದುಕೊಂಡು ಹುಡುಗ ಹತ್ತಿ ಹೊಲದ ನಡುವೆ ಅವರ ಹಿಂದೆ ಓಡಿದ. ಜೊಂಡಿನ ಮರೆಯಿಂದ ಎಲ್ಲವನ್ನೂ ನೋಡಿದ. ಸಿಕಮೋರ್ ಮರದ ಬಳಿ ಹೋಸಿಯಾನನ್ನು ಗುಂಡಿಟ್ಟು ಕೊಂದು, ಅಲ್ಲೇ ಹೂತರು.

"ಐವರ ಹೆಸರು ಗೊತ್ತಾ?"

"ಗೊತ್ತು. ಎಲ್ಲರೂ ಮಣ್ಣಾದ್ರು. ಒಬ್ಬನ ಎದೆ ಮೇಲೆ ನಿನ್ನ ಈ ಬಿಲ್ಲೇನೇ ಇತ್ತು."

ಪ್ರೂಯಿಟ್ ತನ್ನ ಎದೆಯ ಮೇಲಿನ ಬಿಲ್ಲೆಯತ್ತ ನೋಡಲಿಲ್ಲ.

"ಜಾಗ ಇಂಥದ್ದು ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಡೀಕನ್?"

"ಜಾಗ ಹೇಳಿದ್ರೆ, ನಿಂಗೆ ಹೇಗೆ ಗೊತ್ತು ಅಂತಾರೆ. ಕ್ಲಿಯೋಲಾ ಎಷ್ಟು ಕ್ರಿಸ್‌ಮಸ್‌ಗೆ ನಂಗೆ ಊಟ ಹಾಕಿದಾಳೆ ಗೊತ್ತಾ? ಆ ಮುಖಕ್ಕೆ ಹೇಳಕ್ಕೆ ನಾಲಿಗೆ ಏಳ್ಲಿಲ್ಲ. ಆದ್ರೆ ಬೇರೆಯವರ ಮಣ್ಣು ಎತ್ಕೊಂಡು ಅವಳು ಅಳೋದನ್ನೂ ನೋಡಕ್ಕಾಗ್ಲಿಲ್ಲ."

"ಮಣ್ಣಿನ ಬಣ್ಣ ಬೇರೆ. ನೋಡಿದೋರು ಕೇಳೇ ಕೇಳ್ತಾರೆ. ಹೊಳೀಲಿಲ್ವಾ?"

ಬಾಯ್ಕಿನ್ ಬಟ್ಟಲಿನ ಕಾಯಿಗಳನ್ನು ಬೆರಳಿನಿಂದ ಕೆದಕಿದರು.

"ಹೊಳೀತು. ಕೇಳ್ಲಿ ಅಂತಲೇ ಇತ್ತೇನೋ ಒಳಗೆ. ಇಷ್ಟು ವರ್ಷ ಒಬ್ಬರೂ ಕೇಳ್ಲಿಲ್ಲ."

ಅಷ್ಟರಲ್ಲಿ ಪಾಸ್ಟರ್ ಬಂದು, ವಿಷಯ ತಿಳಿದು, ದೂರು ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದರು. ಬಾಯ್ಕಿನ್ ಒಪ್ಪಲಿಲ್ಲ. "ಬೇಡಿ ಪಾಸ್ಟರ್. ಒಂದು ಸಲನಾದ್ರೂ ಯಾರಾದ್ರೂ ನನ್ನನ್ನ ಹಿಡ್ಕೊಂಡು ಹೋಗ್ಲಿ." 4.20ಕ್ಕೆ ಪ್ರೂಯಿಟ್ ಅವರನ್ನು ದಸ್ತಗಿರಿ ಮಾಡಿದ. ಕೋಳ ಹಾಕಲಿಲ್ಲ. ಕಾರು ಹತ್ತುವಾಗ ಅವರ ಎಡಗಾಲನ್ನು ತಾನೇ ಎತ್ತಿ ಒಳಗಿಟ್ಟ.

ಸುದ್ದಿ ಹೇಳಲು ಅವನು ಕ್ಲಿಯೋಲಾಳ ಮನೆಗೆ ಹೊರಡುವಷ್ಟರಲ್ಲಿ, 5.30ಕ್ಕೆ, ಆಕೆಯೇ ನಡಿಗೆಗೋಲು ಊರುತ್ತಾ ಠಾಣೆಗೆ ಬಂದಳು. ಪಾಸ್ಟರ್ ಎಲ್ಲವನ್ನೂ ಹೇಳಿದ್ದರು. ಆಕೆ ಕೂರಲಿಲ್ಲ. ಬಾಯ್ಕಿನ್ನರ ಮುಂದೆ ನಿಂತಳು.

"ಎಜ್ರಾ, ಆಗ ನಿಂಗೆ ಎಷ್ಟು?"

"ಒಂಬತ್ತು ಕ್ಲಿಯೋಲಾ."

"ಒಂಬತ್ತನ್ನ ನಾನು ತಪ್ಪು ಅಂತ ಹಿಡಿಯಲ್ಲ. ಮಗು ಅದು. ನಮ್ಮಮ್ಮ ಅರವತ್ತೊಂದನೇ ಇಸವೀಲಿ ಸತ್ಲು. ಸಾಯೋ ದಿನಾನೂ ಅವನ ತಟ್ಟೆ ತೊಳೆದಿಟ್ಲು, ಬರ್ತಾನೆ ಅಂತ. ಆಗ ನಿಂಗೆ ಎಷ್ಟು?"

"ಇಪ್ಪತ್ತಮೂರು."

"ನಮ್ಮಣ್ಣನ ವಯಸ್ಸು."

ಬಾಯ್ಕಿನ್ ಮುಖವನ್ನು ಕೈಗಳಲ್ಲಿ ಮುಚ್ಚಿಕೊಂಡರು. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಪ್ರೂಯಿಟ್‌ನ ಕಡೆ ತಿರುಗಿದಳು. "ನಾಳೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು."

ಅಕ್ಟೋಬರ್ 10, ಗುರುವಾರ, ಬೆಳಿಗ್ಗೆ 9.15. ಶವಪರೀಕ್ಷಾಧಿಕಾರಿಯೂ ಅಗೆಯುವವರೂ ದೋಣಿಕಟ್ಟೆಗೆ ಬಂದಿದ್ದರು. ಆರೋಪಿ ಜಾಗ ತೋರಿಸಬೇಕು, ಅದನ್ನು ಪಂಚನಾಮೆಯಲ್ಲಿ ಬರೆಯಬೇಕು.

"ತೋರಿಸಿ ಡೀಕನ್," ಎಂದ ಪ್ರೂಯಿಟ್.

ಬಾಯ್ಕಿನ್ ಕೈ ಎತ್ತಲಿಲ್ಲ. ಎರಡೂ ಕೈಗಳನ್ನು ಕೋಟಿನ ಜೇಬಿನೊಳಗೆ ಬಿಗಿಹಿಡಿದುಕೊಂಡು, ಕಾಲೆಳೆಯುತ್ತಾ, ಸಿಕಮೋರ್ ಮರದಿಂದ ನಾಲ್ಕು ಹೆಜ್ಜೆ ಆಚೆಗೆ ನಡೆದು ಹೋಗಿ ಅಲ್ಲೇ ನಿಂತರು. ಟಿಲ್ಮನ್ ಅಳತೆ ಪಟ್ಟಿ ಹಿಡಿದು ಹತ್ತಿರ ಬಂದಳು.

ಕ್ಲಿಯೋಲಾ ದೂರದಿಂದ ನೋಡುತ್ತಿದ್ದಳು.

"ಎಜ್ರಾ," ಎಂದಳು, "ನೀನು ಅವನ ಮೇಲೆ ನಿಂತಿದೀಯ. ಸರಿದುಕೋ."

ಬಾಯ್ಕಿನ್ ಬೆಚ್ಚಿ ಪಕ್ಕಕ್ಕೆ ಸರಿದರು. 11.50ಕ್ಕೆ, ಮೂರಡಿ ಆಳದಲ್ಲಿ, ಸೈನಿಕರ ಬೆಲ್ಟಿನ ಹಿತ್ತಾಳೆಯ ಬಕಲ್ ಸಿಕ್ಕಿತು. ಅದರ ಕೆಳಗೆ ಮೂಳೆಗಳಿದ್ದವು. ಪಾಸ್ಟರ್ ಕೀರ್ತನೆಯ ಮೊದಲ ಸಾಲು ಎತ್ತಿಕೊಂಡರು. ಮುಂದಿನ ಸಾಲನ್ನು ಹಾಡಿದವಳು ಕ್ಲಿಯೋಲಾ.

ಮಣ್ಣಿನ ಕಳವಿನ ಕಡತದಲ್ಲಿ ಪ್ರೂಯಿಟ್ ಕೊನೆಯ ಟಿಪ್ಪಣಿ ಬರೆದ: ಆರೋಪಿ ತನಗಾಗಿ ಏನನ್ನೂ ಇಟ್ಟುಕೊಂಡಿಲ್ಲ, ಎಪ್ಪತ್ತೆರಡು ವರ್ಷ ನುಡಿಯಲಾರದೆ ಹೋದ ಸಾಕ್ಷಿಯನ್ನು ಮಣ್ಣಿನ ರೂಪದಲ್ಲಿ ತಂದು ಕೊಟ್ಟಿದ್ದಾನೆ.

ಆಮೇಲೆ ಹೊಸ ಎಫ್‌ಐಆರ್ ಹಾಳೆ ತೆಗೆದ. ಅಪರಾಧ: ಕೊಲೆ. ನಡೆದ ದಿನ: 9 ಆಗಸ್ಟ್ 1947. ದೂರುದಾರರು: ಕ್ಲಿಯೋಲಾ ಗಿಲ್ಯಾರ್ಡ್. ದೂರು ತಡವಾದುದಕ್ಕೆ ಕಾರಣ ಎಂಬಲ್ಲಿಗೆ ಬಂದಾಗ ಕೈ ನಿಂತಿತು. 'ಕಂಡ ಹುಡುಗ ಹೆದರಿದ್ದ' ಎಂದು ಬರೆದ. ಅದು ಅರ್ಧ ಸತ್ಯವೆನಿಸಿತು. 'ಠಾಣೆ ಯಾರನ್ನೂ ಕೇಳಲಿಲ್ಲ' ಎಂದು ಅದರ ಕೆಳಗೆ ಸೇರಿಸಿ, ತನ್ನ ಸಹಿ ಹಾಕಿದ.