ಗೋಣು ತಿರುಗಸು ಅಜ್ಜಿ!

“ಗೋಣು ತಿರುಗಸು ಅಜ್ಜಿ! ಗೋಣು!”

ಶುಭಾಂಗಿ ಕಿರುಚಿದ ರಭಸಕ್ಕೆ ಗ್ಯಾಲರಿಯಲ್ಲಿ ಕೂತಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಅಜ್ಜಿಯ ಗೋಣು ಮಾತ್ರ ಅಲುಗಲಿಲ್ಲ.

ರುದ್ರವ್ವಜ್ಜಿ ತುಂಬಿದ ಕೊಡ ಹೊತ್ತವಳ ಹಾಗೆ ನೆಟ್ಟಗೆ ನಡೆಯುತ್ತಿದ್ದಳು. ಎಡಗೈಯಲ್ಲಿ ರೇಲಿಂಗ್, ಬಲಗೈಯಲ್ಲಿ ನೀರಿನ ತಂಬಿಗೆ, ತಲೆಯ ಮೇಲೆ ಸೆರಗು. ಒಂದು ಹೆಜ್ಜೆ ಇಡುವುದು, ಅದು ಸರಿಯಾಗಿ ಕೂತಿತೇ ಎಂದು ನೋಡುವುದು, ಆಮೇಲೆ ಇನ್ನೊಂದು ಹೆಜ್ಜೆ.

“ತಿರುಗಸಾಕತ್ತೀನಲ್ಲವಾ,” ಎಂದಳು ಅಜ್ಜಿ.

“ಎಲ್ಲಿ? ಬರೀ ಕಣ್ಣು ತಿರುಗಸ್ತಿ! ಚೀಟಿಂಗ್ ಮಾಡಬ್ಯಾಡ!”

ಕೆಳಗೆ ಚಾಳಿನ ಅಂಗಳದಲ್ಲಿ ಖೋಖೋ ಶುರುವಾಗಿತ್ತು. ಮನೀಶ್ ಕತ್ತೆತ್ತಿ ಕೂಗಿದ. “ಶುಭಾ! ಆ ರಹೀ ಹೈ ಕ್ಯಾ?”

“ದೋ ಮಿನಿಟ್!” ಎಂದಳು ಶುಭಾಂಗಿ. ಅಜ್ಜಿ ಹೋಗುವ ವೇಗ ನೋಡಿದರೆ ಎರಡು ಮಿನಿಟಿನಲ್ಲಿ ಪಕ್ಕದ ಮನೆಯ ಬಾಗಿಲೂ ದಾಟುವ ಹಾಗಿರಲಿಲ್ಲ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

ಇದೆಲ್ಲ ಶುರುವಾಗಿದ್ದು ಅಜ್ಜಿ ಬಿದ್ದಾಗಿನಿಂದ. ಬೈಕುಲ್ಲಾದ ಆ ಹಳೆಯ ಚಾಳಿನಲ್ಲಿ ಸಂಡಾಸು ಇರುವುದು ಎಲ್ಲ ಮನೆಗಳ ಮುಂದೆ ಹಾಯುವ ಗ್ಯಾಲರಿಯ ತುದಿಯಲ್ಲಿ. ಅಲ್ಲಿನ ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಎಲ್ಲರೂ ಕೈಯಲ್ಲಿ ನೀರು ಹಿಡಿದೇ ಹೋಗುವುದು. ಅಜ್ಜಿಗೆ ಕೆಲವು ದಿನಗಳಿಂದ ಚಕ್ಕರ್ ಬಂದು ತಲೆ ಸುತ್ತುತ್ತಿತ್ತು. ಒಂದು ಬೆಳಿಗ್ಗೆ ಅಲ್ಲಿಗೆ ಹೋಗುವಾಗ ದೊಪ್ಪನೆ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಧೈರ್ಯ ಮುರಿಯಿತು.

ಹತ್ತು ಮನೆಯವರು ಹತ್ತು ಮದ್ದು ಹೇಳಿದರು. ಒಬ್ಬರು ಶುಂಠಿ ಅಂದರು, ಒಬ್ಬರು ನಿಂಬೆಹಣ್ಣು ಅಂದರು, ಇನ್ನೊಬ್ಬರು ಬಂದು ದೃಷ್ಟಿಯನ್ನೇ ತೆಗೆದು ಹೋದರು. ಕೊನೆಗೆ ಪಪ್ಪಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಪರೀಕ್ಷೆ ಮಾಡಿ, ವ್ಯಾಯಾಮ ಕಲಿಸುವ ನಿಶಾ ಮ್ಯಾಡಂ ಹತ್ತಿರ ಕಳಿಸಿದರು.

ಮ್ಯಾಡಂ ನಗುನಗುತ್ತ ಹೇಳಿದ್ದು ಇಷ್ಟು: ಚಕ್ಕರ್ ಬರುತ್ತದೆಂದು ತಲೆ ಅಲುಗಿಸದೆ ಕೂತರೆ ಚಕ್ಕರ್ ಅಲ್ಲೇ ಮನೆ ಮಾಡುತ್ತದೆ. ಹೆಬ್ಬೆರಳು ಕಣ್ಣೆದುರು ಹಿಡಿದು, ಅದನ್ನೇ ನೋಡುತ್ತ ತಲೆಯನ್ನು ಆಚೆ ಈಚೆ ಆಡಿಸಬೇಕು. ಗೋಡೆಯ ಪಕ್ಕ ಕಾಲು ಜೋಡಿಸಿ ನಿಲ್ಲಬೇಕು. ಆಮೇಲೆ ಏನಾದರೂ ಹಿಡಿದುಕೊಂಡು, ಎಡಕ್ಕೆ ಬಲಕ್ಕೆ ನೋಡುತ್ತ ನಡೆಯಬೇಕು. ಪಕ್ಕದಲ್ಲಿ ಯಾರಾದರೂ ಇರಲೇಬೇಕು.

ಆ ‘ಯಾರಾದರೂ’ ಯಾರು? ಪಪ್ಪಾ ಅಂಗಡಿಯಲ್ಲಿ. ಮಮ್ಮಿ ಫೋರ್ಟ್ ಏರಿಯಾದ ಆಫೀಸಿನಿಂದ ಬರುವಾಗ ಕತ್ತಲಾಗಿರುತ್ತದೆ. ಉಳಿದವಳು ಶುಭಾಂಗಿ. ಸ್ಕೂಲ್ ಟೀಮಿಗೆ ಸೇರಲು ಖೋಖೋ ಪ್ರ್ಯಾಕ್ಟೀಸ್ ಮಾಡಬೇಕಾದ ಶುಭಾಂಗಿ!

ಅದೂ ಹೋಗಲಿ ಎಂದರೆ, ಪಪ್ಪಾನ ತಮ್ಮ, ಅಂಧೇರಿಯ ಸಚಿನ ಕಾಕಾ ಫೋನ್ ಮಾಡಿದ್ದರು. “ಸಂಡೇ ಬರ್ತೀನಿ. ಅವ್ವ ಒಬ್ಬಾಕೀನ ಗ್ಯಾಲರಿ ತುದೀ ತನಕ ಹೋಗಿ ಬಂದ್ರ ಸರಿ. ಇಲ್ಲಂದ್ರ ನಮ್ಮ ಫ್ಲ್ಯಾಟಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ರೂಮಿನಾಗ ಬಾತ್‌ರೂಮ್ ಐತಿ.”

ಅಜ್ಜಿಗೆ ಅಂಧೇರಿ ಅಂದರೆ ಆಗುವುದಿಲ್ಲ. “ಅಲ್ಲಿ ಕದಾ ತೆಗದ್ರ ಎದುರಿಗೆ ಇನ್ನೊಂದು ಕದಾ. ಅದೂ ಮುಚ್ಚಿದ್ದು. ನಾ ಯಾರ ಸಂಗಾಟ ಮಾತಾಡಲಿ, ಲಿಫ್ಟಿನ ಸಂಗಾಟೇನು?” ಎಂದು ಮುಖ ಊದಿಸಿಕೊಂಡಿದ್ದಳು.

ಹೋಗಲು ಮನಸ್ಸಿಲ್ಲ ಅಂದಮೇಲೆ ಗೋಣು ತಿರುಗಿಸಬಾರದೇ? ಶುಭಾಂಗಿಗೆ ತಲೆಬಿಸಿಯಾಗುತ್ತಿದ್ದುದು ಅದಕ್ಕೇ. ಕೋಣೆಯ ಒಳಗೆ ಅಜ್ಜಿ ಎಲ್ಲ ವ್ಯಾಯಾಮ ಫಸ್ಟ್ ಕ್ಲಾಸ್ ಮಾಡುತ್ತಾಳೆ. ಗೋಣು ಆಚೆಗೂ ಈಚೆಗೂ ಹಕ್ಕಿಯ ಗೋಣಿನಂತೆ ಆಡುತ್ತದೆ. ಹೊಸ್ತಿಲು ದಾಟಿದಳೋ, ಮುಗಿಯಿತು. ಕಬ್ಬಿಣದ ಕಂಬ.

ಇವತ್ತು ಶನಿವಾರ. ನಾಳೆಯೇ ಕಾಕಾ ಬರುವುದು.

“ಅಜ್ಜಿ, ಪ್ಲೀಸ್ ನಾ! ಲೆಫ್ಟಿಗೆ ಅಂಗಳ ನೋಡು. ರೈಟಿಗೆ ಬಾಗಲಾ ನೋಡು. ಇಷ್ಟ!”

ಅಜ್ಜಿ ಕಷ್ಟಪಟ್ಟು ಗೋಣನ್ನು ಚೂರು ಎಡಕ್ಕೆ ತಿರುಗಿಸಿದಳು. ಅಷ್ಟರಲ್ಲಿ ಮುಂದಿನ ಮನೆಯಿಂದ ಕೆಮ್ಮು ಕೇಳಿಸಿತು. ಬಸವಂತಪ್ಪ ಮುತ್ಯಾ ಕುರ್ಚಿ ಹಿಡಿದುಕೊಂಡು ಹೊರಗೆ ಬಂದರು. ಅವರು ಅಜ್ಜಿಯ ಊರಿನವರೇ. ಚಾಳಿನ ಮಕ್ಕಳೆಲ್ಲ ಅವರನ್ನು ಮುತ್ಯಾ, ಅಂದರೆ ಅಜ್ಜ, ಅಂತಲೇ ಕರೆಯುವುದು.

ಅಜ್ಜಿ ರೇಲಿಂಗ್ ಬಿಟ್ಟುಬಿಟ್ಟಳು!

ಕೈ ಮೇಲಕ್ಕೆ ಹೋಯಿತು, ಮೈ ಬಲಕ್ಕೆ ವಾಲಿತು, ತಂಬಿಗೆಯ ನೀರು ಚೆಲ್ಲಿತು. ಶುಭಾಂಗಿ ಓಡಿ ಬಂದು ಸೊಂಟ ಅಪ್ಪಿ ಹಿಡಿಯದಿದ್ದರೆ ಇವತ್ತೂ ಬೀಳುತ್ತಿದ್ದಳು.

“ಶುಭಾ, ನಿಮ್ಮಜ್ಜಿಗೆ ಸಂಭಾಳಸವಾ,” ಎಂದರು ಮುತ್ಯಾ, ಗಾಬರಿಯಿಂದ.

ಶುಭಾಂಗಿಯ ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಂದ ಹೊರಬಿತ್ತು.

“ಎಷ್ಟು ಸಲ ಹೇಳಬೇಕು? ರೇಲಿಂಗ್ ಬಿಡಬ್ಯಾಡ ಅಂದ್ರ ಬಿಡ್ತಿ! ಗೋಣು ತಿರುಗಸು ಅಂದ್ರ ತಿರುಗಸಂಗಿಲ್ಲ! ದಿನಾ ನಿನ್ನಿಂದ ನನ್ನ ಪ್ರ್ಯಾಕ್ಟೀಸ್ ಹೋಗ್ತದ. ಹೋಗು, ನೀ ಅಂಧೇರಿಗೇ ಹೋಗು!”

ಗ್ಯಾಲರಿಯಲ್ಲಿ ಕುಕ್ಕರ್ ಸೀಟಿಯೊಂದನ್ನು ಬಿಟ್ಟು ಎಲ್ಲರೂ ಸುಮ್ಮನಾದರು. ಅಜ್ಜಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಮನೆಗೆ ವಾಪಸಾದಳು. ಶುಭಾಂಗಿ ಅವಳನ್ನು ಒಳಗೆ ಕೂರಿಸಿ, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ, ದಡದಡ ಮೆಟ್ಟಿಲಿಳಿದು ಓಡಿದಳು.

ಆದರೆ ಆಟ ಆಡಲು ಆಗಲಿಲ್ಲ. ತಾನು ಆಡಿದ ಮಾತೇ ನೆನಪಾಗುತ್ತಿತ್ತು. “ಖೋ” ಅಂದರೂ ಏಳದೆ ಕೂತಿದ್ದಳು. ಮನೀಶ್ ಬೈದ. ಅವಳು ಎದ್ದು ಮೇಲೆ ಬಂದುಬಿಟ್ಟಳು.

ಬಾಗಿಲ ಪರದೆ ಸರಿಸಿ ನೋಡಿದರೆ ಅಜ್ಜಿ ಮಂಚದ ಮೇಲೆ ಕೂತು ವ್ಯಾಯಾಮ ಮಾಡುತ್ತಿದ್ದಳು, ಒಬ್ಬಳೇ. ಹೆಬ್ಬೆರಳು ಕಣ್ಣೆದುರು ಇತ್ತು. ಗೋಣು ಆಚೆ ಹೋಗುತ್ತಿತ್ತು, ಈಚೆ ಬರುತ್ತಿತ್ತು. ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಬಿಳಿ ಕೂದಲಿನ ನಿಂಬೆಯಷ್ಟು ತುರುಬು ಕಾಣುತ್ತಿತ್ತು.

ಹೊರಗೆ ಮುತ್ಯಾ ಕೆಮ್ಮಿದರು.

ಅಜ್ಜಿಯ ಕೈ ತಟ್ಟನೆ ತಲೆಗೆ ಹೋಯಿತು. ಸೆರಗು ಎಳೆದುಕೊಂಡಳು. ಗೋಣು ನೆಟ್ಟಗಾಯಿತು, ಕಬ್ಬಿಣದ ಕಂಬದ ಹಾಗೆ.

ಶುಭಾಂಗಿ ಪರದೆ ಬಿಟ್ಟು ಒಳಗೆ ಬಂದಳು.

“ಅಜ್ಜಿ... ಅವತ್ತು ಬಿದ್ದಿದ್ದೂ ಹಿಂಗೇನಾ? ಮುತ್ಯಾ ಬಂದ್ರು ಅಂತ ಕೈ ಬಿಟ್ಟಿದ್ದಿ?”

“ಕಾಲು ಜಾರಿತ್ತವಾ,” ಎಂದಳು ಅಜ್ಜಿ. ಆಮೇಲೆ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದು, “ಅವರು ನಿಮ್ಮಜ್ಜಗಿಂತ ದೊಡ್ಡವರು. ನನಗ ಭಾವ ಆಗಬೇಕು. ಮದಿವ್ಯಾಗಿ ಬಂದಾಗಿಂದ ಅವರ ಮುಂದ ಬರೇ ತಲೀಲೆ ನಿಂತಾಕಿ ಅಲ್ಲ ನಾ, ನೆಟ್ಟಗ ಮಾತೂ ಆಡಿದಾಕಿ ಅಲ್ಲ,” ಎಂದಳು.

“ಮತ್ತ ಮೊದಲು ಸೆರಗು ಜಾರತಿರಲಿಲ್ಲ?”

“ಇಳಕಲ್ ಸೀರಿ ಎಲ್ಲಿ ಜಾರತದ? ಹಾಕಿದಲ್ಲೇ ಕೂಡತದ. ಚಕ್ಕರ್ ಬರ್ತದ, ಭಾರ ಸೀರಿ ಬ್ಯಾಡ ಅಂತ ನಿಮ್ಮ ಕಾಕಾ ಈ ಪಾಲಿಸ್ಟರ್ ಕೊಡಿಸ್ಯಾನ. ಗೋಣು ಅಲುಗಿಸಿದ್ರ ಸರ್ ಅಂತ ಜಾರತದ. ಒಂದು ಕೈಯಾಗ ತಂಬಿಗಿ, ಒಂದು ಕೈಯಾಗ ರೇಲಿಂಗು. ಸೆರಗು ಹಿಡ್ಯಾಕ ಮೂರನೇ ಕೈ ಎಲ್ಲಿಂದ ತರಲಿ?”

“ಅದನ್ನ ಮೊದಲೇ ಹೇಳಬೇಕಿತ್ತಲ್ಲ ಅಜ್ಜೀ!” ಶುಭಾಂಗಿ ಹಣೆ ಚಚ್ಚಿಕೊಂಡಳು. “ಇಷ್ಟು ದಿನ ನಾ ಒದರಿ ಒದರಿ ಸತ್ತೆ!”

“ಹೆಂಗ ಹೇಳಲಿ? ನೀವು ಈಗಿನವರು. ‘ಮುಚ್ಕೊಬ್ಯಾಡ ಬಿಡು’ ಅಂತಿದ್ರಿ. ಹಂಗ ಅಂದ್ರ ನನಗ ಇನ್ನೂ ತ್ರಾಸು.”

ಶುಭಾಂಗಿಯ ನಾಲಿಗೆಯ ತುದಿಗೆ ಅದೇ ಮಾತು ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

ತನ್ನ ತಲೆಗೆ ಕೈ ಹಾಕಿ ಕ್ಲಿಪ್ಪುಗಳನ್ನು ಕಿತ್ತಳು. ಓಡುವಾಗ ಕೂದಲು ಕಣ್ಣಿಗೆ ಬೀಳದಿರಲಿ ಎಂದು ಮಮ್ಮಿ ಕೊಡಿಸಿದ್ದ ಗಟ್ಟಿ ಕ್ಲಿಪ್ಪುಗಳು. ಬಣ್ಣ ಮಾತ್ರ ಕಡು ಗುಲಾಬಿ.

“ಇಲ್ಲಿ ಬಾ. ಸೆರಗಿಗೆ ಹಾಕ್ತೀನಿ.”

“ಅಯ್ಯ, ತಗಿ ಆಚೆ! ಕ್ಲಿಪ್ಪು ಹಾಕ್ಕೊಂಡು ಮೆರ್ಯಾಕ ನಾ ಏನು ಮದುಮಗಳೇನು?”

“ಅಲುಗಬ್ಯಾಡ!”

“ದಿನಾ ಅಲುಗು ಅಂತಿ, ಇವತ್ತು ಅಲುಗಬ್ಯಾಡ ಅಂತಿ,” ಎಂದು ಅಜ್ಜಿ ಗೊಣಗಿದಳು. ಆದರೆ ತಲೆ ಬಗ್ಗಿಸಿದಳು. ಒಂದು ಕ್ಲಿಪ್ಪು ತುರುಬಿನ ಮೇಲೆ ಕೂತಿತು, ಎರಡು ಕಿವಿಯ ಪಕ್ಕಕ್ಕೆ. ಶುಭಾಂಗಿ ಸೆರಗನ್ನು ಎಳೆದು ನೋಡಿದಳು. ಬರಲಿಲ್ಲ.

“ಅಜ್ಜಿ, ನಾ ಆಗ ಅಂಧೇರಿಗೆ ಹೋಗು ಅಂದೆನಲ್ಲ...”

“ಯಾವಾಗ? ನನಗ ಕೇಳಸಲೇ ಇಲ್ಲ,” ಎಂದಳು ಅಜ್ಜಿ. ಇಡೀ ಚಾಳಿಗೆ ಕೇಳಿಸಿದ್ದು ಅವಳೊಬ್ಬಳಿಗೆ ಕೇಳಿಸಿರಲಿಲ್ಲವಂತೆ.

ಭಾನುವಾರ ಸಚಿನ ಕಾಕಾ ಖಾಲಿ ಸೂಟ್‌ಕೇಸ್ ಹಿಡಿದುಕೊಂಡೇ ಬಂದರು. ಅಜ್ಜಿಯ ಬಟ್ಟೆ ತುಂಬಿಕೊಳ್ಳಲು. ಅದನ್ನು ನೋಡಿ ಶುಭಾಂಗಿ ಅಜ್ಜಿಯ ಪಕ್ಕಕ್ಕೆ ಹೋಗಿ ನಿಂತಳು.

“ಅವ್ವಾ, ಹಠ ಮಾಡಬ್ಯಾಡ. ಬಿದ್ದರ ಏನು ಗತಿ?” ಎಂದರು ಕಾಕಾ.

“ಚಾ ಕುಡಿ. ಬಂದೆ,” ಎಂದು ಅಜ್ಜಿ ತಂಬಿಗೆ ಎತ್ತಿಕೊಂಡಳು.

ಕಾಕಾ, ಪಪ್ಪಾ, ಮಮ್ಮಿ ಬಾಗಿಲಲ್ಲಿ ನಿಂತರು. ಶುಭಾಂಗಿ ಸ್ವಲ್ಪ ದೂರದಲ್ಲಿ, ಹಿಡಿಯಲು ಬೇಕಾದರೆ ಎಂದು. ಅಜ್ಜಿ ರೇಲಿಂಗ್ ಹಿಡಿದು ಹೊರಟಳು. ಎಡಕ್ಕೆ ಅಂಗಳ ನೋಡಿದಳು. ಬಲಕ್ಕೆ ಬಾಗಿಲು ನೋಡಿದಳು. ಸ್ವಲ್ಪ ತೂಗಾಡಿದಳು, ನಿಂತಳು, ಮತ್ತೆ ಹೊರಟಳು.

ಕೆಮ್ಮು ಕೇಳಿಸಿತು. ಮುತ್ಯಾ ಹೊರಗೆ ಬಂದರು.

ಅಜ್ಜಿಯ ಎಡಗೈ ರೇಲಿಂಗಿನಿಂದ ಎದ್ದಿತು. ಶುಭಾಂಗಿ ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟಳು. ಕೈ ಅರ್ಧ ದಾರಿಯಲ್ಲಿ ನಿಂತಿತು. ಸೆರಗು ಜಾರಿರಲಿಲ್ಲ. ಕೈ ಮೆಲ್ಲಗೆ ರೇಲಿಂಗಿಗೆ ವಾಪಸು ಬಂತು.

“ಶುಭಾ, ನಿಮ್ಮಜ್ಜಿ ಆರಾಮ ಅದಾಳೇನು ಕೇಳವಾ,” ಎಂದರು ಮುತ್ಯಾ.

“ಆರಾಮ ಅದೀನಿ ಅಂತ ಭಾವಗೋಳಿಗೆ ಹೇಳವಾ,” ಎಂದಳು ಅಜ್ಜಿ, ಅವರೆದುರೇ ನಿಂತು.

“ಕೇಳಿಸಿತು ಅಂತ ಹೇಳು,” ಎಂದರು ಮುತ್ಯಾ.

ನಡುವೆ ನಿಂತ ಶುಭಾಂಗಿ ಯಾರಿಗೆ ಏನು ಹೇಳುವುದೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡಿದಳು.

ಅಜ್ಜಿ ತುದಿ ಮುಟ್ಟಿದಳು. ಒಳಗೆ ಹೋಗಿ ಹೊರಗೂ ಬಂದಳು. ಆದರೆ ಬರುವಾಗ ಇನ್ನೊಂದು ಪೀಡೆ ಶುರುವಾಯಿತು. ಗೋಣು ತಿರುಗಿತಲ್ಲ, ತೆರೆದ ಬಾಗಿಲುಗಳೆಲ್ಲ ಕಣ್ಣಿಗೆ ಬಿದ್ದವು. ಒಂದು ಬಾಗಿಲಲ್ಲಿ ಹಪ್ಪಳದ ವಿಚಾರ, ಇನ್ನೊಂದರಲ್ಲಿ ಕೂಸಿನ ಹಲ್ಲಿನ ವಿಚಾರ. ಕಾಕಾನ ಚಹಾ ಆರಿ ಹೋಯಿತು.

“ಅಜ್ಜೀ, ಲಗು ಬಾ!” ಎಂದು ಶುಭಾಂಗಿ ಕಾಲು ಬಡಿದಳು.

ಸಂಜೆ ಸೂಟ್‌ಕೇಸ್ ಖಾಲಿ ಹೋಗಲಿಲ್ಲ. “ಖಾಲಿ ಒಯ್ಯಬಾರದು” ಎಂದು ಅಜ್ಜಿ ಅದರಲ್ಲಿ ಶೇಂಗಾ ಚಟ್ನಿಯ ಡಬ್ಬಿ ಇಟ್ಟಳು. ಅದರ ಮೇಲೆ, ಉಟ್ಟದ್ದೊಂದನ್ನು ಬಿಟ್ಟು, ಪಾಲಿಸ್ಟರ್ ಸೀರೆಗಳನ್ನೆಲ್ಲ ಮಡಚಿ ಇಟ್ಟಳು. “ನಿನ್ನ ಹೆಂಡತೀಗೆ ಕೊಡಪಾ. ನನ್ನ ತಲೀ ಮ್ಯಾಲ ನಿಂದ್ರಂಗಿಲ್ಲ ಇವು.”

ಕಾಕಾ ಅವ್ವನ ಮುಖ ನೋಡಿದರು, ಸೂಟ್‌ಕೇಸ್ ನೋಡಿದರು. “ಬರೋ ತಿಂಗಳ ಮತ್ತ ಬಂದು ನೋಡ್ತೀನಿ,” ಎಂದು ಹೊರಟರು.

“ಶುಭಾ! ಆಜ್ ಭೀ ನಹೀ ಆಯೇಗೀ ಕ್ಯಾ?” ಕೆಳಗಿನಿಂದ ಮನೀಶ್ ಕೂಗಿದ.

“ಆಯೀ!” ಎಂದು ಶುಭಾಂಗಿ ಚಪ್ಪಲಿ ಮೆಟ್ಟಿದಳು. ಕೂದಲು ಕಣ್ಣಿಗೆ ಬಂತು. ಅಜ್ಜಿ ತನ್ನ ತಲೆಗೆ ಕೈ ಹಾಕಿ, “ನಿನ್ನ ಕ್ಲಿಪ್ಪು ತಗೋವಾ, ಓಡಾಕ ಬೇಕಲ್ಲ,” ಎಂದಳು.

ಇಳಕಲ್ ಸೀರೆ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ನಾಳೆ ತೆಗೆಯಬೇಕು.

“ಬ್ಯಾಡ, ಇವತ್ತು ಇರಲಿ,” ಎಂದು ಶುಭಾಂಗಿ ಕೂದಲಿಗೆ ಮಮ್ಮಿಯ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಓಡಿದಳು.

ಆಟದ ನಡುವೆ ಒಮ್ಮೆ ಅವಳು ಮೇಲೆ ನೋಡಿದಳು. ರೇಲಿಂಗ್ ಹಿಡಿದು ಅಜ್ಜಿ ನಿಂತಿದ್ದಳು. ಶುಭಾಂಗಿ ಎಡಕ್ಕೆ ಓಡಿದರೆ ಗುಲಾಬಿ ಕ್ಲಿಪ್ಪಿನ ತಲೆ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ಓಡಿದರೆ ಬಲಕ್ಕೆ.

ಶುಭಾಂಗಿ ಇನ್ನೊಂದು ಸುತ್ತು ಹೆಚ್ಚಾಗಿಯೇ ಓಡಿದಳು.